ಸನ್ಮಾನದ ಕವರುಗಳು

“ಏಯ್, ಕುರ್ಚಿ ಮುಟ್ಟಬೇಡ್ರೇ! ಅದು ಗೆಸ್ಟುಗಳಿಗೆ. ನೀವು ಆ ಕಟ್ಟೆ ಮೇಲೆ ಕೂತ್ಕೊಳ್ಳಿ.”

ಹಾಗೆ ಗದರಿದವರು ವಿಜಯ್‌ಕುಮಾರ್, ಒಂಟಿಕೊಪ್ಪಲಿನ ಆ ರಸ್ತೆಯ ನಿವಾಸಿಗಳ ಸಂಘದ ಅಧ್ಯಕ್ಷರು. ಆವತ್ತು ಪಾರ್ಕಿನಲ್ಲಿ ‘ಪ್ಲಾಸ್ಟಿಕ್‌ಮುಕ್ತ ರಸ್ತೆ’ ಸಮಾರಂಭ. ಸನ್ಮಾನ ಅವರ ಕಸ ಹೊರುವ ನನಗೂ ಶಿವನಂಜಮ್ಮನಿಗೂ.

“ಸನ್ಮಾನ ನಮ್ಗೆ, ಕುರ್ಚಿ ಅವ್ರ್ಗೆ. ಅದೆಂಗೇ ಪುಟ್ಟತಾಯಿ?” ಶಿವನಂಜಮ್ಮ ನನ್ನ ಪಕ್ಕೆ ತಿವಿದಳು.

“ಬಾಯ್ ಮುಚ್ಕೊಂಡ್ ಕೂತ್ಕೊ. ಮೇಸ್ತ್ರಿ ನೋಡ್ತಾವ್ನೆ.”

ಮೇಸ್ತ್ರಿ ಚೆಲುವರಾಜು ನೋಡುತ್ತಲೇ ಇದ್ದ. ನಾವು ಕಂತ್ರಾಟಿನವರು. ಅವನು ನಾಳೆಯಿಂದ ಬರಬೇಡಿ ಅಂದರೆ ಮುಗಿಯಿತು.

ಕಸ ಪ್ರತಿಯೊಬ್ಬರ ಜವಾಬ್ದಾರಿ ಎಂದು ವಿಜಯ್‌ಕುಮಾರ್ ಮೈಕಿನಲ್ಲಿ ಶುರುಮಾಡಿದರು. ಅವರ ಮನೆಯ ಕಸ ನಮಗೆ ಗೊತ್ತು. ಒಂದು ಬಾಚಣಿಗೆ ತರಿಸಿದರೂ ಪೆಟ್ಟಿಗೆಯೊಳಗೊಂದು ಪೆಟ್ಟಿಗೆ, ಅದರ ಸುತ್ತ ಗಾಳಿ ತುಂಬಿದ ಚೀಲ, ಎಲ್ಲದರ ಮೇಲೆ ಹಳಸಿದ ಸಾರು, ಮೊಮ್ಮಗುವಿನ ಡೈಪರು. ಬೇರೆ ಮಾಡಿ ಕೊಡಿ ಅಂದರೆ, “ಮತ್ತೆ ನೀವ್ಯಾಕಿರೋದು?” ಅನ್ನುತ್ತಾರೆ. ಬೆರೆತ ಕಸ ಒಯ್ದರೆ ಚೆಲುವರಾಜು ಬೈಯುತ್ತಾನೆ. ಬಿಟ್ಟುಹೋದರೆ ಇವರು ಬೈಯುತ್ತಾರೆ. ಬೈಗುಳವನ್ನು ಮಾತ್ರ ಚೆನ್ನಾಗಿ ವಿಂಗಡಿಸಿ ಕೊಡುತ್ತಾರೆ: ಹಸಿ ಬೈಗುಳ ಅವನದು, ಒಣ ಬೈಗುಳ ಇವರದು.

ಭಾಷಣ ಮುಗಿಸಿ ನಮ್ಮನ್ನು ಮೇಲೆ ಕರೆದರು. ಶಾಲು ಪ್ಲಾಸ್ಟಿಕ್ ಕವರಿನಲ್ಲಿತ್ತು. ಬಿಚ್ಚಿ ನಮಗೆ ಹೊದಿಸಿದರು, ಕವರು ಕೆಳಗೆ ಬಿತ್ತು. ಹಣ್ಣಿನ ಬುಟ್ಟಿಗೆ ಪ್ಲಾಸ್ಟಿಕ್ ಹಾಳೆ, ಒಂದೊಂದು ಸೇಬಿಗೂ ಒಂದೊಂದು ಬಲೆಯ ಅಂಗಿ.

“ನನ್ ಮೊಮ್ಮಗೀಗೂ ಇಷ್ಟ್ ಚೆಂದಾಗ್ ಬಟ್ಟೆ ಆಕಿಲ್ಲ ಕಣೇ” ಅಂದಳು ಶಿವನಂಜಮ್ಮ.

ಫಲಕ ಥರ್ಮಾಕೋಲಿನೊಳಗೆ ಬಿಗಿಯಾಗಿ ಕೂತಿತ್ತು. ವಿಜಯ್‌ಕುಮಾರ್ ಜೋರಾಗಿ ಎಳೆದರು. ಬಿಳಿ ಪುಡಿಯೆಲ್ಲ ಹಾರಿ ಅವರ ಮೀಸೆಗೆ ಅಂಟಿಕೊಂಡಿತು. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಅವರ ಹೆಂಡತಿ ಪ್ರೇಮಲೀಲಾ ನೀರು ತಂದರು. ಅತಿಥಿಗಳಿಗೆ ಸ್ಟೀಲ್ ಲೋಟ. ನಮ್ಮ ಕೈಗೆ ಪೇಪರ್ ಕಪ್ಪು ಕೊಟ್ಟು ಮೇಲಿನಿಂದ ಸುರಿದರು.

“ನಮ್ಗೂ ಲೋಟನೇ ಕೊಡ್ರವ್ವ. ಒಂದ್ ಕಸ ಕಮ್ಮಿ ಆಯ್ತದೆ” ಅಂದಳು ಶಿವನಂಜಮ್ಮ.

ಪ್ರೇಮಲೀಲಾ ನಗು ಕೆಡಿಸಿಕೊಳ್ಳಲಿಲ್ಲ. “ಅದು ಮನೇದು ಕಣಮ್ಮ. ದೇವರಿಗೂ ಬೇಕಾಗುತ್ತೆ.”

ಅತಿಥಿಗಳು ದೇವರ ಲೋಟ ಕಚ್ಚಿಕೊಂಡು ಕುಡಿಯುತ್ತಿದ್ದರು.

ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಗಾಳಿ ಬೀಸಿ ಕವರು, ಕಪ್ಪು, ಬಲೆಗಳೆಲ್ಲ ಪಾರ್ಕಿನ ತುಂಬ ಓಡಾಡತೊಡಗಿದವು. ವಿಜಯ್‌ಕುಮಾರ್ ಕೈ ತಟ್ಟಿ ಕರೆದರು.

“ಶಿವನಂಜಮ್ಮ, ಫೋಟೋ ಆಯ್ತಲ್ಲ. ಆ ಶಾಲು ತೆಗೆದಿಟ್ಟು ಇದನ್ನೆಲ್ಲ ಬಾಚಿಬಿಡು.”

“ಇವತ್ತು ನಮ್ಗೆ ಸನ್ಮಾನ ಅಲ್ವಾ ಸಾ?”

“ಸನ್ಮಾನ ಮುಗೀತಲ್ಲಮ್ಮ!”

“ಏಯ್ ಮುಂಡೆ, ಬಾಚು ಅಂದ್ರೆ ಬಾಚ್ಬೇಕು! ನಾಳೆ ಕೆಲ್ಸ ಬೇಡ್ವಾ?” ಚೆಲುವರಾಜು ಕಿರುಚಿದ.

ಶಿವನಂಜಮ್ಮ ಶಾಲು ತೆಗೆದು ನೆಲಕ್ಕೆ ಹಾಸಿದಳು. ಒಂದೂ ಬಿಡದೆ ಎಲ್ಲ ಆರಿಸಿ ಅದರೊಳಗೆ ಹಾಕಿದಳು. ನಾನೂ ಕೈಹಾಕಿದೆ. ಚೆಲುವರಾಜು ಸಮಾಧಾನದಿಂದ ಬೀಡಿ ಹಚ್ಚಿದ. ಅವಳು ನಾಲ್ಕು ಮೂಲೆ ಸೇರಿಸಿ ಗಂಟು ಬಿಗಿದಳು. ನೆಟ್ಟಗೆ ಹೋಗಿ ಅಧ್ಯಕ್ಷರ ಮುಂದೆ ನೀಡಿದಳು. ಅಭ್ಯಾಸಬಲದಿಂದ ಅವರು ಎರಡೂ ಕೈಯಲ್ಲಿ ಇಸಿದುಕೊಂಡರು. ಫೋಟೋದವನೂ ಅಭ್ಯಾಸಬಲದಿಂದ ಕ್ಲಿಕ್ ಮಾಡಿದ.

“ತರ್ಸಿದೋರೂ ನೀವೇ, ಬಿಚ್ಚಿದೋರೂ ನೀವೇ. ಇಟ್ಕೊಳಿ ಸಾ.”

“ಲೇ, ಇದನ್ನ ಎಲ್ಲೇ ಇಡ್ಲಿ?”

“ಮನೆ ತಮ್ದಲ್ವಾ? ಜಾಗ ನೀವೇ ನೋಡ್ಕಳಿ.”

ನನ್ನ ಹೊಟ್ಟೆಯಿಂದ ನಗು ಉಕ್ಕಿಬಂತು. ಗಾಡಿ ತಳ್ಳಿಕೊಂಡು ಹೊರಟೆವು. “ನಾಳೆ ಬರ್ರೇ ಲೌಡಿಯರಾ, ತೋರುಸ್ತೀನಿ!” ಎಂದು ಚೆಲುವರಾಜು ಹಿಂದಿನಿಂದ ಕೂಗುತ್ತಿದ್ದ. ಶಿವನಂಜಮ್ಮ ತಿರುಗಲಿಲ್ಲ. ನಾನು ತಿರುಗಿದೆ.

ರಸ್ತೆಯ ಅಂದ ಕೆಡುತ್ತದೆಂದು ಇದ್ದೊಂದು ಕಸದ ತೊಟ್ಟಿಯನ್ನೂ ಸಂಘದವರು ತೆಗೆಸಿದ್ದರು. ವಿಜಯ್‌ಕುಮಾರ್ ಗಂಟನ್ನು ಎದೆಗವಚಿಕೊಂಡು ಅತ್ತಿತ್ತ ನೋಡಿ, ಪಾರ್ಕಿನ ಪಕ್ಕದ ಮನೆಯತ್ತ ಮೆಲ್ಲಗೆ ಹೆಜ್ಜೆ ಹಾಕಿದರು. ಆ ಮನೆಯವರು ಓಡಿಬಂದು ಗೇಟಿನ ಚಿಲಕ ಹಾಕಿಕೊಂಡರು. ಅದರಾಚೆಯ ಮನೆಯವರೂ ಹಾಕಿಕೊಂಡರು.