ಅಡುಗೆಮನೆ ಬಾಗಿಲಿಗೆ ಅಡ್ಡ ಇಟ್ಟ ಬೂಟು

ನಾನೊಮ್ಮೆ ಒಂದು ಮೋಡವನ್ನು ಬಾಡಿಗೆಗೆ ಕೊಡಿಸಿದ್ದೇನೆ. ಬಾಡಿಗೆಗೆ ಹಿಡಿದವನು ಕೊಡೆ ಅಂಗಡಿಯವನು, ಕರಾರು ಮೂರು ವರ್ಷದ್ದು. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಮೋಡ ಬಂದು ಎದುರಿನ ರಸ್ತೆಯ ಮೇಲೆ ನಿಲ್ಲಬೇಕು, ಸಂಜೆ ಶಟರ್ ಎಳೆದ ಮೇಲೆ ಹೊರಡಬೇಕು ಎಂದು ಮಾತಾಗಿತ್ತು. ಒಂದು ದಿನವೂ ತಪ್ಪಿಸಲಿಲ್ಲ. ಅಷ್ಟು ನಿಯತ್ತಿನ ಮಾಲು ಆಮೇಲೆ ನನ್ನ ಕೈಗೆ ಸಿಕ್ಕಿಲ್ಲ.

ಅಂಗಡಿ, ಆಫೀಸು, ಗೋದಾಮು ಇವುಗಳ ದಲ್ಲಾಳಿ ನಾನು. ಮನೆಗಳ ಗೋಜಿಗೆ ಹೋಗುವುದಿಲ್ಲ. ಮನೆ ಹುಡುಕುವವರು ಕಿಟಕಿ ತೆರೆದು ಗಾಳಿ ನೋಡುತ್ತಾರೆ, ನಲ್ಲಿ ತಿರುಗಿಸಿ ನೀರು ನೋಡುತ್ತಾರೆ, ಕೊನೆಗೆ ನಾಳೆ ಹೇಳುತ್ತೇವೆಂದು ಹೋದವರು ತಿರುಗಿ ಬರುವುದಿಲ್ಲ. ಅಂಗಡಿಗೆ ಬರುವವನಿಗೆ ಅದ್ಯಾವುದೂ ಬೇಡ, ನನ್ನ ಬಾಯಿ ಸಾಕು. ನಾನು ಒಂದು ಸಲ ಗಂಟಲು ಸರಿಮಾಡಿಕೊಂಡರೆ ಖಾಲಿ ಗೋದಾಮಿನ ಇಲಿಗಳು ಕೂಡ ಅಡ್ವಾನ್ಸ್ ಹಿಡಿದು ಸಾಲು ನಿಲ್ಲುತ್ತವೆ.

ಇಂಥ ನಾನು ಈಗ ಇರುವುದು ಅತ್ತೆಯ ಮನೆಯಲ್ಲಿ. ಹೌದು, ಮನೆ ಅಳಿಯ. ನಗುವವರು ಈಗಲೇ ನಕ್ಕು ಮುಗಿಸಿ, ಆಮೇಲೆ ಮುಂದಕ್ಕೆ ಓದಿ.

ಮನೆ ಮೂರನೇ ಮಹಡಿಯಲ್ಲಿದೆ. ಒಂದು ಹಾಲ್, ಒಂದು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಗೆ ಅದೆಷ್ಟು ಗಾಳಿಯೆಂದರೆ ಬಾಗಿಲು ಇಡೀ ದಿನ ಬಡಿದುಕೊಳ್ಳುತ್ತದೆ. ಅದಕ್ಕೆ ಅತ್ತೆ ಒಂದು ಬೂಟನ್ನು ಅಡ್ಡ ಇಟ್ಟಿದ್ದಾರೆ. ನೀರು ಕುಡಿದು ಒಣಗಿ ಮೂತಿ ಸೊಟ್ಟಗಾದ, ಕಪ್ಪು ಬಣ್ಣದ ಒಂಟಿ ಬೂಟು. ಈ ಕಟ್ಟಡಕ್ಕೆ ಹೊಸದಾಗಿ ಬಂದವರು ಅದೇನೆಂದು ಕೇಳದೆ ಇರುವುದಿಲ್ಲ. ಕೇಳಿದವರನ್ನು ತಾರಸಿಗೆ ಕರೆದೊಯ್ದು ಕಥೆ ಹೇಳದೆ ನಾನು ಬಿಡುವುದಿಲ್ಲ.

ಮೊನ್ನೆ ಸಂಜೆ ಸಿಕ್ಕಿಬಿದ್ದವರು ಎರಡನೇ ಮಹಡಿಗೆ ಬಂದ ಬಸ್ ಡ್ರೈವರ್ ಮತ್ತು ಅವನ ಹೆಂಡತಿ. ತಂತಿಯ ಮೇಲೆ ಯಾರದೋ ಹಾಸಿಗೆಯ ಬಟ್ಟೆಗಳು ಒಣಗುತ್ತಿದ್ದವು. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಇಬ್ಬರನ್ನೂ ಕೂರಿಸಿ ಶುರು ಮಾಡಿದೆ.

“ಈ ಕಟ್ಟಡ ಇದೆಯಲ್ಲ, ಇವತ್ತು ಇದರಲ್ಲಿ ನೀವು ಒಲೆ ಹಚ್ಚಿದೀರಿ ಅಂದ್ರೆ ಅದು ಈ ಒಬ್ಬ ಮನುಷ್ಯನಿಂದ,” ಎಂದು ಎದೆ ತಟ್ಟಿಕೊಂಡೆ. ಮುಂದಿನದ್ದನ್ನು ಅವರಿಗೆ ಹೇಳಿದ ಹಾಗೆಯೇ ನಿಮಗೂ ಹೇಳುತ್ತೇನೆ.

ಕಡಿಮೆ ಆದಾಯದವರಿಗೆ ಮನೆ ಕಟ್ಟಿಕೊಡುತ್ತೇನೆಂದು ಸರ್ಕಾರದ ನಿಧಿಯಿಂದ ಹಣ ಪಡೆದು ಈ ಕಟ್ಟಡ ಎಬ್ಬಿಸಿದವನು ಒಬ್ಬ ಬಿಲ್ಡರ್. ಮಾತಿಗೆ ಮುಂಚೆ ನಗು, ನಗುವಿಗೂ ಮುಂಚೆ ನಮ್ಮ ಹೆಗಲ ಮೇಲೆ ಅವನ ಕೈ. ದಲ್ಲಾಳಿಗಳೆಲ್ಲ ಅವನನ್ನು ಸಕ್ಕರೆ ಎಂದೇ ಕರೆಯುತ್ತಿದ್ದೆವು. ನೆಲಮಹಡಿಯ ಅಂಗಡಿಗಳಿಗೆ ಗಿರಾಕಿ ಹುಡುಕಲು ಅವನು ನನ್ನನ್ನು ಕರೆದ. ಮೇಲಿನವೆಲ್ಲ ಮನೆಗಳು. ಮನೆ ಹಂಚಲು ಚೀಟಿ ಎತ್ತಿದಾಗ ಮೂರನೇ ಮಹಡಿಯ ಒಂದು ಮನೆ ನನ್ನ ಅತ್ತೆಯ ಹೆಸರಿಗೇ ಬಂದಿತ್ತು.

ಅತ್ತೆ ಬಟ್ಟೆ ಹೊಲಿದು ಬದುಕಿದವರು. ಆಗ ಅವರು, ನನ್ನ ಹೆಂಡತಿ, ನಾನು ಮೂವರೂ ಒಂದೇ ಕೋಣೆಯಲ್ಲಿದ್ದೆವು. ಪಾತ್ರೆ ತೊಳೆಯಬೇಕಾದರೆ ಕೆಳಗಿಳಿದು, ವಠಾರಕ್ಕೆಲ್ಲ ಒಂದೇ ಆಗಿದ್ದ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂರಬೇಕು. ಅತ್ತೆಗೆ ಮಂಡಿ ನೋವು. ಕೂತವರು ಏಳುವಾಗ ಗೋಡೆ ಹಿಡಿದುಕೊಂಡು, ಅಮ್ಮಾ ಎಂದು ಏಳುತ್ತಿದ್ದರು. ಹೊಸ ಮನೆಯ ಮಾತು ಬಂದಾಗಲೆಲ್ಲ ಅವರದು ಒಂದೇ ಪ್ರಶ್ನೆ: “ನಿಂತ್ಕೊಂಡು ಪಾತ್ರೆ ತೊಳೆಯೋ ಹಾಗೆ ಸಿಂಕ್ ಇಟ್ಟಿರ್ತಾರಾ ಅಳಿಯಂದ್ರೆ?”

ಒಂದು ದಿನ ಸಕ್ಕರೆ ನನ್ನನ್ನು ಮೂರನೇ ಮಹಡಿಗೆ ಕರೆದುಕೊಂಡು ಹೋದ. ಉದ್ದನೆಯ ಓಣಿ, ಎರಡೂ ಕಡೆ ಸಾಲಾಗಿ ಬಾಗಿಲುಗಳು, ಬಾಗಿಲಿಗೊಂದು ನಂಬರು, ನಂಬರಿನ ಕೆಳಗೆ ಕರೆಗಂಟೆ. ನೋಡಿ ಖುಷಿಯಾಯಿತು. ಒಂದು ಬಾಗಿಲು ತೆರೆದ. ಒಳಗೆ ಗೋಡೆಯೇ ಇಲ್ಲ! ಆ ಬಾಗಿಲಿನಿಂದ ಹೋದರೂ ಈ ಬಾಗಿಲಿನಿಂದ ಹೋದರೂ ಅದೇ ಒಂದು ಹಾಲ್. ತೆರೆಯಲು ಬಾರದ ಗಾಜಿನ ಕಿಟಕಿಗಳು, ಸೂರಿನಿಂದ ಇಳಿಬಿದ್ದ ಕಂಪ್ಯೂಟರ್ ವೈರುಗಳು, ಮೂಲೆಯಲ್ಲಿ ಸಾಲಾಗಿ ಶೌಚಾಲಯಗಳು. ಅದು ಆಫೀಸು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಮನೆಗಳೆಲ್ಲಿ ಯಜಮಾನ್ರೇ?”

“ಇದ್ಯಲ್ಲಪ್ಪಾ ಒಂದು, ಓಣಿ ಕೊನೇಲಿ. ತಪಾಸಣೆಗೆ ಬಂದೋರು ಅದನ್ನ ನೋಡಿ ಸಹಿ ಹಾಕಿ ಹೋಗ್ತಾರೆ, ಕೊನೇ ಕಂತಿನ ಹಣ ಬರತ್ತೆ. ಆಮೇಲೆ ಪೂರ್ತಿ ಮಹಡಿ ವಿಮಾ ಕಂಪನಿಗೆ. ಕೊಡಿಸೋರು ನೀವೇ. ಆ ಮನೇಲಿ ಕೂರೋಕೆ ಒಂದು ಸಂಸಾರ ಬೇಕು ನೋಡಿ, ಅದನ್ನೂ ನೀವೇ ತಂದುಬಿಡಿ.”

“ಚೀಟೀಲಿ ಹೆಸರು ಬಂದೋರು ಏನ್ ಮಾಡ್ಬೇಕು?”

“ಮುಂದಿನ ಕಟ್ಟಡದಲ್ಲಿ ಕೊಡೋಣ. ಮುಂದಿನ ಕಟ್ಟಡ ಅನ್ನೋದು ಯಾವಾಗ್ಲೂ ಇದ್ದೇ ಇರತ್ತಲ್ಲ!” ಎಂದು ನಕ್ಕ. ಕೈ ನನ್ನ ಹೆಗಲ ಮೇಲೇ ಇತ್ತು.

ಇಲ್ಲಿಗೆ ಬಂದಾಗ ನಾನು ಯಾವತ್ತೂ ಎದ್ದು ನಿಲ್ಲುತ್ತೇನೆ. ಮೊನ್ನೆಯೂ ನಿಂತೆ.

“ಆಗ ನನ್ನ ರಕ್ತ ಹೇಗೆ ಕುದೀತು ಅಂದ್ರೆ, ಅದರ ಮೇಲೆ ಒಂದು ಪಾತ್ರೆ ಇಟ್ಟಿದ್ರೆ ಹಾಲು ಉಕ್ತಿತ್ತು! ಮಾಡ್ತೀನಿ ಇರು ನಿನಗೆ, ಅಂತ ಮನಸ್ಸಲ್ಲೇ ಅಂದ್ಕೊಂಡು ನಮ್ಮ ಅತ್ತೇನ ಕರ್ಕೊಂಡು ಬಂದು ಆ ಮನೇಲಿ ಕೂರಿಸಿದೆ. ತಪಾಸಣೆ ಅಧಿಕಾರಿ ಬಂದ. ಏಳಡಿ ಆಳು. ಮೀಸೆ ಅಂದ್ರೆ ಮೀಸೆ, ಎರಡೂ ತುದಿಗೆ ಒಂದೊಂದು ಕೊಡ ನೇತು ಹಾಕಬಹುದಿತ್ತು. ನಡೆದ್ರೆ ನೆಲ ನಡುಗೋ ಬೂಟು. ನಾನು ಹಿಂದೆ ಮುಂದೆ ನೋಡ್ಲಿಲ್ಲ. ಸಿಂಕ್ ಹತ್ರ ಹೋದೆ, ತುಂಬಿದ ಹಂಡೆ ಒಂದೇ ಕೈಯಲ್ಲಿ ಎತ್ತಿ ಸುರಿದೇಬಿಟ್ಟೆ. ಕೆಳಗೆ ಪೈಪೇ ಇಲ್ಲ! ನೀರು ಧೋ ಅಂತ ಹೊರಗೆ! ಅಧಿಕಾರಿ ಬೂಟು ಕಾಲಿಂದ ಕಳಚಿ ದೋಣಿ ಥರ ತೇಲ್ತು. ಸಕ್ಕರೆ ಅಲ್ಲೇ ಕರಗಿಹೋದ. ನಾನು ಓಣಿಗೆ ಹಾರಿ ಅಷ್ಟೂ ಬಾಗಿಲು ಒದ್ದು ತೆಗೆದೆ, ನೋಡಿ ಸ್ವಾಮಿ ಇದೇ ನಿಮ್ಮ ಬಡವರ ಮನೆ ಅಂತ!”

“ಅಷ್ಟೂ ಬಾಗಿಲಾ?” ಎಂದ ಡ್ರೈವರ್.

“ಒಂದೇ ಒದೆ. ಮೊದಲನೇದು ಬಿತ್ತು, ಮಿಕ್ಕವು ಹೆದರಿ ತಾವೇ ತೆರ್ಕೊಂಡ್ವು.”

ಅವನ ಹೆಂಡತಿ ಸ್ವಲ್ಪ ಚುರುಕು. “ಅಲ್ಲಣ್ಣಾ, ಅಧಿಕಾರಿ ಬೂಟು ಅಂದ್ರೆ ಎರಡಿರ್ಬೇಕಲ್ಲ. ಇನ್ನೊಂದು ಎಲ್ಲಿ?”

“ಅದು ತೇಲ್ತಾ ಮೆಟ್ಟಿಲಿಳಿದು ಹೋಯ್ತಮ್ಮ. ಇಷ್ಟೊತ್ತಿಗೆ ಸಮುದ್ರ ಸೇರಿರತ್ತೆ.”

ಆಗ ಒಣಗುತ್ತಿದ್ದ ಬಟ್ಟೆಗಳ ಹಿಂದಿನಿಂದ ಒಂದು ಹೆಂಗಸಿನ ದನಿ ಬಂತು: “ನನಗೆ ಮೀಸೆ ಇತ್ತು ಅನ್ನೋದು ನನಗೇ ಗೊತ್ತಿರ್ಲಿಲ್ಲ ನೋಡಿ.”

ಬಟ್ಟೆ ಸರಿಸಿಕೊಂಡು ಈಚೆ ಬಂದವರು ನನ್ನ ಭುಜಕ್ಕೂ ಬಾರದ, ತೆಳ್ಳಗಿನ ಒಬ್ಬ ಹೆಂಗಸು. ಕಾಲಲ್ಲಿ ರಬ್ಬರ್ ಚಪ್ಪಲಿ, ಕೈಯಲ್ಲಿ ಚಹಾದ ಲೋಟ. ತಪಾಸಣೆಯ ಅಧಿಕಾರಿ! ಟ್ಯಾಂಕ್ ಪರೀಕ್ಷೆ ಮಾಡಲು ಬಂದಿದ್ದವರನ್ನು ಮೆಟ್ಟಿಲಲ್ಲಿ ಕಂಡ ಅತ್ತೆ ಚಹಾ ಕುಡಿಯದೆ ಹೋಗಬಾರದೆಂದು ಹಿಡಿದಿಟ್ಟುಕೊಂಡಿದ್ದರಂತೆ. ಅವರ ಹಿಂದೆಯೇ ಅತ್ತೆ. ಅತ್ತೆಯ ಕೈಯಲ್ಲಿ ಆ ಬೂಟು.

“ಅಳಿಯಂದ್ರೆ,” ಎಂದರು ಅತ್ತೆ, “ಇದನ್ನ ಒಂದು ಸಲ ಹಾಕ್ಕೊಂಡು ತೋರಿಸಿ.”

“ಅತ್ತೆ, ಇದು ಏಳಡಿ ಆಳಿನ—”

“ಹಾಕ್ಕೊಳ್ಳಿ ಅಂದೆ.”

ಹಾಕಿಕೊಂಡೆ. ಮೂತಿ ಸೊಟ್ಟಗಾಗಿದ್ದರೂ ಸರಿಯಾಗಿ ಕೂತಿತು. ಹೆಬ್ಬೆರಳಿನ ಜಾಗದಲ್ಲಿ ಚಮ್ಮಾರನ ಹತ್ತಿರ ನಾನೇ ಹಾಕಿಸಿಕೊಂಡಿದ್ದ ತೇಪೆ. ಡ್ರೈವರನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು.

“ಇಷ್ಟು ದಿನ ನಾನೂ ಕೇಳ್ಕೊಂಡು ನಕ್ಕಿದೀನಿ,” ಎಂದರು ಅತ್ತೆ. “ಇವತ್ತು ಇವರ ಎದುರಿಗಾದ್ರೂ ಇದ್ದದ್ದು ಇದ್ದ ಹಾಗೆ ಹೇಳಿ.”

ಇಷ್ಟಾದ ಮೇಲೆ ನಿಮ್ಮೆದುರಿಗೂ ಬೇರೆ ದಾರಿಯಿಲ್ಲ. ಇದ್ದದ್ದು ಇಷ್ಟು.

ನನ್ನ ರಕ್ತ ಕುದಿಯಲಿಲ್ಲ. ವಿಮಾ ಕಂಪನಿಯ ಹೆಸರು ಕೇಳಿ ಬಾಯಲ್ಲಿ ನೀರೂರಿತು. ಅವರಿಗೆ ತೋರಿಸಲು ಬೇಕೆಂದು ಮಹಡಿಯ ಕೀಲಿಗೊಂಚಲನ್ನೂ ಸಕ್ಕರೆಯಿಂದ ಇಸಿದುಕೊಂಡು ಜೇಬಿಗೆ ಹಾಕಿಕೊಂಡೆ. ಮನೆಗೆ ಹೋಗಿ ಅತ್ತೆಗೆ, ನಿಮ್ಮ ಮನೆ ತಯಾರಾಗಿದೆ, ನಾಳೆ ಬನ್ನಿ, ಅಧಿಕಾರಿಗಳು ಬಂದರೆ ಇಲ್ಲೇ ಇದ್ದೇವೆ ಅನ್ನಿ ಎಂದೆ. ಸಿಂಕಿನ ಕೆಳಗೆ ಪೈಪಿಲ್ಲ ಎಂಬುದು ಗೊತ್ತಿತ್ತು. “ಸಿಂಕ್ ಮಾತ್ರ ಮುಟ್ಟಬೇಡಿ, ಸಿಮೆಂಟ್ ಇನ್ನೂ ಹಸಿ ಇದೆ,” ಎಂದೂ ಸೇರಿಸಿದೆ.

ಅತ್ತೆ ಬಂದರು. ಜೊತೆಗೆ ಫ್ಲಾಸ್ಕಿನಲ್ಲಿ ಚಹಾ, ಬಟ್ಟೆಯಲ್ಲಿ ಸುತ್ತಿದ ಲೋಟಗಳು, ಒಂದು ಕ್ಯಾನು ನೀರು, ಪೊರಕೆ. ನೆಲ ಗುಡಿಸಿದರು. ಹೊಲಿಗೆ ಮಿಷನ್ ಯಾವ ಕಿಟಕಿಯ ಕೆಳಗೆ ಬಂದರೆ ಚೆನ್ನ ಎಂದು ನಿಂತು ನೋಡಿದರು. ಸಿಂಕಿನ ಅಂಚನ್ನು ಸೆರಗಿನಿಂದ ಒರೆಸಿದರು, ಒಂದು ಸಲವಲ್ಲ, ಮೂರು ನಾಲ್ಕು ಸಲ.

ಸಕ್ಕರೆಯ ಜೊತೆ ಅಧಿಕಾರಿ ಬಂದಾಗ ಅತ್ತೆ ಮೊದಲು ಚಹಾ ಕೊಟ್ಟರು. “ನಿಮ್ಮಂಥೋರಿಂದ ನಂಗೊಂದು ಮನೆ ಆಯ್ತು ತಾಯಿ,” ಎಂದರು. “ಈ ವಯಸ್ಸಲ್ಲಿ ನಿಂತ್ಕೊಂಡು ಪಾತ್ರೆ ತೊಳೀತೀನಿ ಅಂದ್ಕೊಂಡಿರ್ಲಿಲ್ಲ.” ಅಷ್ಟು ಹೇಳಿದವರಿಗೆ ತಡೆದುಕೊಳ್ಳಲು ಆಗಲಿಲ್ಲ. “ಬರೀ ಲೋಟ ಅಳಿಯಂದ್ರೆ, ಸಿಮೆಂಟಿಗೆ ಏನಾಗಲ್ಲ,” ಎನ್ನುತ್ತ ಸಿಂಕಿನ ಮುಂದೆ ನೆಟ್ಟಗೆ ನಿಂತು, ಕ್ಯಾನಿನ ನೀರು ಬಗ್ಗಿಸಿ ತೊಳೆಯತೊಡಗಿದರು.

ನೀರು ಕೆಳಗಿನ ಕಪಾಟಿನೊಳಗೆ ಬಿದ್ದು ಬಾಗಿಲಿನ ಸಂದಿಯಿಂದ ಹೊರಗೆ ಹರಿಯಿತು. ನಾನು ಓಡಿಹೋಗಿ ಕಪಾಟಿಗೆ ಬೆನ್ನು ಕೊಟ್ಟು, ಆ ಸಂದಿಗೆ ನನ್ನ ಎರಡು ಬೂಟುಗಳನ್ನು ಒತ್ತಿ ನಿಂತೆ. ನಿಂತು ಅಧಿಕಾರಿಗೆ ಹಲ್ಲು ಕಿರಿದೆ. ಕಾಲುಚೀಲ ತೊಯ್ದು ತಣ್ಣಗಾಯಿತು.

ನೋಡಿದ್ದು ಅತ್ತೆ. “ಅಯ್ಯೋ, ನಿಮ್ಮ ಕಾಲು! ಮೊದಲೇ ಶೀತದ ಮೈ. ತೆಗೀರಿ, ತೆಗೀರಿ!” ಎಂದವರು, ಆ ಮಂಡಿ ಇಟ್ಟುಕೊಂಡು, ಕಪಾಟಿನ ಹಿಡಿ ಹಿಡಿದು ನೆಲಕ್ಕೆ ಕೂತು ನನ್ನ ಬೂಟಿನ ದಾರ ಬಿಚ್ಚತೊಡಗಿದರು. ಸಕ್ಕರೆಯ ಎದುರಿಗೆ, ಸರ್ಕಾರದ ಎದುರಿಗೆ! ಒಂದು ಬೂಟು ಕೈಗೆ ಬಂತು, ನಾನು ಒಂಟಿ ಕಾಲಲ್ಲಿ ಕುಂಟಿದೆ, ಕಪಾಟಿನ ಬಾಗಿಲು ತೆರೆದುಕೊಂಡಿತು. ಒಳಗೆ ಪೈಪಿಲ್ಲದ ತೂತು. ಇನ್ನೂ ಹನಿಯುತ್ತಿತ್ತು.

ಅಧಿಕಾರಿ ಬಗ್ಗಿ ನೋಡಿದರು. ದನಿ ಏರಿಸಲಿಲ್ಲ. “ಪಕ್ಕದ ಮನೆ ಕೀಲಿ ಯಾರ ಹತ್ರ ಇದೆ?”

“ಆಯಾ ಮನೆಯೋರ ಹತ್ರ ಮೇಡಂ,” ಎಂದ ಸಕ್ಕರೆ.

ಅತ್ತೆ ತಲೆಯೆತ್ತಿದರು. “ಇಲ್ಲಪ್ಪ, ನಮ್ಮ ಅಳಿಯಂದ್ರ ಜೇಬಲ್ಲೇ ಇದೆ. ಕುಂಟಿದಾಗ ಸದ್ದಾಯ್ತಲ್ಲ! ಕೊಡಿ ಅಳಿಯಂದ್ರೆ. ಪಕ್ಕದೋರ ಮನೇಲೂ ಹೀಗೇ ಸೋರ್ತಾ ಇದ್ಯೋ ಏನೋ, ಪಾಪ,” ಎಂದು ಕೂತಲ್ಲಿಂದಲೇ ಕೈ ಚಾಚಿದರು.

ಸಕ್ಕರೆಯ ಕೈ ನನ್ನ ಹೆಗಲ ಮೇಲಿತ್ತು, ಈ ಸಲ ಒತ್ತುತ್ತಿತ್ತು. ಅತ್ತೆಯ ಕೈ ನನ್ನ ಮುಂದಿತ್ತು. ನೀರಿನಲ್ಲಿ ಸುಕ್ಕಾದ ಬೆರಳುಗಳು, ತೋರುಬೆರಳಿನಲ್ಲಿ ಸೂಜಿ ಚುಚ್ಚಿದ ಗುರುತುಗಳು. ಮದುವೆಯಾದ ದಿನದಿಂದ ನನಗೆ ಬಡಿಸಿದ ಕೈ. ಕೀಲಿ ಕೊಟ್ಟೆ.

ಒದೆಯಲಿಲ್ಲ, ಹಾರಲಿಲ್ಲ, ಕೂಗಲಿಲ್ಲ. ಬಾಗಿಲು ತೆರೆದವರು ಅಧಿಕಾರಿ. ಕಟ್ಟಡ ಸಕ್ಕರೆಯ ಕೈತಪ್ಪಿತು, ಅವನ ಕೇಸು ಇನ್ನೂ ನಡೆಯುತ್ತಿದೆ. ಬೇರೆಯವರು ಬಂದು ಗೋಡೆ ಎಬ್ಬಿಸಿ ಪೈಪು ಎಳೆದರು. ಅತ್ತೆಗೆ ಮನೆ ಸಿಕ್ಕಿತು. ಅವರು ನನ್ನನ್ನೂ ನನ್ನ ಹೆಂಡತಿಯನ್ನೂ ಬನ್ನಿ ಎಂದರು. ತಪಾಸಣೆಯ ದಿನ ವಠಾರಕ್ಕೆ ಹಿಂತಿರುಗಿದ ಮೇಲೆ ಬಿಸಿನೀರು ಕಾಯಿಸಿ, ಬೇಸಿನ್ನಿಗೆ ಸುರಿದು ನನ್ನ ಕಾಲ ಮುಂದೆ ಇಟ್ಟಿದ್ದರೇ ಹೊರತು, ಕಾಲು ಅಲ್ಲಿಗೆ ಹೇಗೆ ಹೋಯಿತೆಂದು ಕೇಳಿರಲಿಲ್ಲ.

ತಾರಸಿಯಲ್ಲಿ ಎಲ್ಲರ ಎದುರಿಗೆ, ಮೊದಲ ಸಲ ಕೇಳಿದರು. “ಅವತ್ತು ಅಲ್ಲಿ ಯಾಕೆ ಹಾಗೆ ನಿಂತಿದ್ರಿ?”

“ಮುಚ್ಚೋಕೆ ಅತ್ತೆ. ಇವರಿಗೆ ಕಾಣಬಾರ್ದು ಅಂತ.”

“ನನ್ನ ಮನೆ ಹೋಗತ್ತೆ ಅಂತ ಗೊತ್ತಿದ್ದೂ?”

“ಗೊತ್ತಿದ್ದೂ.”

ಅಧಿಕಾರಿ ಲೋಟದೊಳಗೆ ನೋಡುತ್ತಿದ್ದರು.

“ಮತ್ತೆ ಕೀಲಿ ಯಾಕೆ ಕೊಟ್ರಿ?”

“ನೀವು ಕೈ ಚಾಚಿದ್ರಿ. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ನನ್ನ ಬಾಯಿ ಅದೊಂದೇ ಸಲ ಕೈಕೊಟ್ಟಿದ್ದು ಅತ್ತೆ. ನೀವು ಅವತ್ತು ನನ್ನ ಕಾಲು ನೋಡದೇ ಇದ್ದಿದ್ರೆ ನಾನು ಇವತ್ತಿಗೂ ಅಲ್ಲೇ ನಿಂತಿರ್ತಿದ್ದೆ. ಅದನ್ನ ನಿಮಗೆ ಹೇಳ್ಬೇಕು ಹೇಳ್ಬೇಕು ಅಂತಿದ್ದೆ, ಧೈರ್ಯ ಸಾಲದೆ ಈ ಮೀಸೆ, ಹಂಡೆ ಎಲ್ಲಾ ಕಟ್ತಾ ಬಂದೆ.”

ಅತ್ತೆ ಬಗ್ಗಿ ನನ್ನ ಕಾಲಿನಿಂದ ಬೂಟು ಕಳಚಲು ಹೊರಟರು. ನಾನು ಬಿಡಲಿಲ್ಲ, ನಾನೇ ಕಳಚಿ ಕೊಟ್ಟೆ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು, “ಕೆಳಗೆ ಬಾಗಿಲು ಬಡ್ಕೋತಾ ಇದೆ,” ಎಂದು ಹೊರಟವರು ಮೆಟ್ಟಿಲ ಹತ್ತಿರ ತಿರುಗಿದರು.

“ಹಾಗಾದ್ರೆ ಆ ಕೊಡೆ ಅಂಗಡಿಯವನ ಮೋಡ?”

“ಅದೂ ಸುಳ್ಳು ಅತ್ತೆ.”

“ಅದಾದ್ರೂ ನಿಜ ಇರಬಹುದು ಅಂದ್ಕೊಂಡಿದ್ದೆ,” ಎಂದರು ಅತ್ತೆ. “ಲೋಟ ತಗೊಂಡು ಬನ್ನಿ. ಇವತ್ತು ತೊಳೆಯೋ ಸರದಿ ನಿಮ್ಮದು.”