ಮುನ್ನೂರು ಕಿಲೋಮೀಟರಿನ ಕಾಲಂ

ಕೊಚ್ಚಿಯ ಕಾಕ್ಕನಾಡಿನ ಆ ಕೇಂದ್ರ ಸರಕಾರಿ ಕಚೇರಿಯಲ್ಲಿ ಯಾರ ಎಕ್ಸೆಲ್ ಹಾಳೆ ಕೆಟ್ಟರೂ ಜನ ಬರುತ್ತಿದ್ದುದು ನಿತ್ಯಾನಂದನ ಮೇಜಿನ ಬಳಿಗೆ. ಬರುವಾಗ ಹಲ್ಲುನೋವಿನವರ ಮುಖ, ಹೋಗುವಾಗ ಮದುವೆ ಮನೆಯವರ ಮುಖ. "ಇಷ್ಟಿಷ್ಟು ಷರತ್ತಿಗೆ ಒಳಪಟ್ಟದ್ದನ್ನು ಮಾತ್ರ ಕೂಡಿಸು ಅಂತ ಬರೆದರೆ ಸೊನ್ನೆ ತೋರಿಸ್ತಿದೆ ಸಾರ್" ಎಂದು ಒಬ್ಬರು ಗೋಳಾಡಿದರೆ, ನಿತ್ಯಾನಂದ ಕನ್ನಡಕ ಏರಿಸಿ, ಚೌಕಗಳ ಎಡಕ್ಕೆ ಅಂಟಿಕೊಂಡು ನಿಂತ ಅಂಕಿಗಳನ್ನು ನೋಡಿ, ಇವು ಅಂಕಿಗಳೇ ಅಲ್ಲ, ಬರಹವಾಗಿ ಕೂತಿವೆ ಎನ್ನುತ್ತಿದ್ದ. ಇನ್ನೊಬ್ಬರದರಲ್ಲಿ ಕೂಡಿಸಬೇಕಾದ ಸಾಲು ನೂರು, ಷರತ್ತಿನ ಸಾಲು ತೊಂಬತ್ತೊಂಬತ್ತು, ಎರಡೂ ಸಮ ಇಲ್ಲದೆ ಫಾರ್ಮುಲಾ ತಪ್ಪು ಅನ್ನುತ್ತಿತ್ತು. ಎರಡೇ ನಿಮಿಷದ ಕೆಲಸ. ಕೊನೆಗೆ ಒಂದು ಉಪದೇಶ ಉಚಿತ: "ತಪ್ಪು ಅಂತ ಕೂಗಿ ಹೇಳುವ ಫಾರ್ಮುಲಾಕ್ಕೆ ಹೆದರಬೇಡಿ. ಚಂದದ ಉತ್ತರ ಕೊಟ್ಟು ಸುಮ್ಮನಿರುವ ಫಾರ್ಮುಲಾಕ್ಕೆ ಹೆದರಿ."

ಊರಿಗೆಲ್ಲ ಹಂಚಿದ ಈ ಉಪದೇಶದಲ್ಲಿ ಒಂದು ಚಮಚದಷ್ಟನ್ನಾದರೂ ಆತ ತನಗಾಗಿ ಉಳಿಸಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮಾರ್ಚಿನಲ್ಲಿ ವರ್ಗಾವಣೆಯ ಪಟ್ಟಿ ಹೊರಬಿತ್ತು. ಊರಿನಿಂದ ದೂರ ಯಾರು ಎಷ್ಟು ದಿನ ದುಡಿದಿದ್ದಾರೋ ಆ ದಿನಗಳನ್ನು ಕೂಡಿಸಿ, ಹೆಚ್ಚು ದಿನ ಇದ್ದವರಿಗೆ ಕೇಳಿದ ಜಾಗ ಕೊಡುವುದು ಅಲ್ಲಿಯ ಕ್ರಮ. ಕೇರಳದ ಎಲ್ಲ ಕಚೇರಿಗಳ ನಾನೂರು ಜನರ ದಿನಗಳನ್ನು ಕೂಡಿಸುವ ಹಾಳೆ ನಾಲ್ಕು ವರ್ಷದಿಂದ ನಿತ್ಯಾನಂದನದು. ಮಂಗಳೂರಿನಲ್ಲಿ ಈ ಸಲ ಇದ್ದದ್ದು ಒಂದೇ ಜಾಗ. ಕೇಳಿದವರು ಇಬ್ಬರು: ಮೂಡುಬಿದಿರೆಯ ನಿತ್ಯಾನಂದ, ತಿರುವನಂತಪುರದ ಕಚೇರಿಯಲ್ಲಿರುವ ಮಂಗಳೂರಿಗೆ ತಾಗಿದ ಗಡಿಯೂರು ಮಂಜೇಶ್ವರದ ಸರೋಜ. ಅವನಿಗೆ ಎರಡು ಸಾವಿರದ ನಾನೂರ ತೊಂಬತ್ತು ದಿನ. ಅವಳಿಗೆ ಏಳುನೂರ ಮೂವತ್ತು.

ಆವತ್ತು ಕಚೇರಿಯಲ್ಲಿ ಅವನ ಲೆಕ್ಕದಲ್ಲಿ ಎಲ್ಲರಿಗೂ ಪರಿಪ್ಪುವಡೆ, ಚಾ. ವಡೆ ಮುಗಿಯುವ ಮೊದಲೇ ತಿರುವನಂತಪುರದಿಂದ ಫೋನು ಬಂತು.

"ನಿತ್ಯಣ್ಣ, ಅಂತೂ ಊರು ಸೇರಿದ್ರಿ ಅಲ್ವಾ!"

"ಇನ್ನೂ ಸೇರ್ಲಿಲ್ಲ ಮಾರಾಯ್ತಿ. ಆಕ್ಷೇಪಣೆಗೆ ಹತ್ತು ದಿನ ಟೈಮ್ ಉಂಟು."

"ನಿಮ್ಮ ಲೆಕ್ಕಕ್ಕೆ ಯಾರು ಆಕ್ಷೇಪಣೆ ಹಾಕ್ತಾರೆ?" ಸರೋಜ ನಕ್ಕಳು. ಆಮೇಲೆ, ಕೇಳಲೋ ಬೇಡವೋ ಎಂಬಂತೆ, "ಅಲ್ಲ, ನಂದು ಏಳ್ನೂರ ಮೂವತ್ತು ಅಂತ ಬಂದಿದೆ. ಅದು ಚೆನ್ನೈಯ ಎರಡು ವರ್ಷದ್ದು. ಇಲ್ಲಿಯ ಒಂಬತ್ತು ವರ್ಷ ಸೇರುದಿಲ್ವಾ?"

"ಅದು ಹೇಗೆ ಸೇರ್ತದೆ? ನಿಮ್ದು ಕಾಸರಗೋಡು ಜಿಲ್ಲೆ. ಕೇರಳವೇ ನಿಮ್ಗೆ ಸ್ವಂತ ರಾಜ್ಯ ಅಲ್ವಾ?"

"ಹಾಂ... ಅದೂ ಹೌದು" ಎಂದಳು ಸರೋಜ. ಅಷ್ಟಕ್ಕೇ ಬಿಟ್ಟಳು.

ಸರೋಜಳ ಗಂಡ ವಿಠಲ ಮಂಜೇಶ್ವರದ ಹತ್ತಿರ ಕನ್ನಡ ಶಾಲೆಯಲ್ಲಿ ಮೇಷ್ಟ್ರು. ತಿರುವನಂತಪುರದಲ್ಲಿ ಕನ್ನಡ ಕಲಿಸುವ ಶಾಲೆ ಎಲ್ಲಿದೆ, ಅವನು ಹೆಂಡತಿ ಇದ್ದಲ್ಲಿಗೆ ಬರುವಂತಿಲ್ಲ. ಎರಡು ವರ್ಷದಿಂದ ಮಗಳು ಕೃಪಾ ಕೂಡ ಅಪ್ಪನ ಜೊತೆಗೇ ಇದ್ದಾಳೆ. ಹದಿನೈದು ದಿನಕ್ಕೊಮ್ಮೆ ಸರೋಜ ಶುಕ್ರವಾರ ಟ್ರೈನು ಹತ್ತಿ ಶನಿವಾರ ಮಗುವಿನ ಮುಖ ನೋಡಿ ಭಾನುವಾರ ಮರಳುತ್ತಿದ್ದಳು. ಇದೆಲ್ಲ ನಿತ್ಯಾನಂದನಿಗೆ ಗೊತ್ತಿತ್ತು. ಗೊತ್ತಿದ್ದೂ ಅವತ್ತು ಅವನು ಎರಡನೇ ವಡೆ ತಿಂದ.

ಮೂರನೇ ದಿನ ಅಶ್ರಫ್ ನೋಟ್‌ಬುಕ್ ಹಿಡಿದು ಬಂದ. ಮಲಪ್ಪುರಂ ಕಡೆಯವನು, ಹೊಸಬ, ಇನ್ನು ಮುಂದೆ ಹಾಳೆಯ ಉಸ್ತುವಾರಿ ಅವನದು. ಸಾರ್ ಹೊರಡುವ ಮೊದಲು ಎಲ್ಲ ಬರೆದುಕೊಳ್ಳಬೇಕು ಎಂದ. ನಿತ್ಯಾನಂದನಿಗೆ ಖುಷಿಯಾಯಿತು. ಹಾಳೆ ತೆರೆದು ತೋರಿಸಿದ: ಈ ಕಾಲಮಿನಲ್ಲಿ ಹೆಸರು, ಇದರಲ್ಲಿ ದಿನಗಳು, ಇದರಲ್ಲಿ 'ದೂರ' ಎಂದರೆ ಹೌದು ಅಥವಾ ಇಲ್ಲ. ಹೆಸರು ಹೊಂದಿ, ದೂರ 'ಹೌದು' ಎಂದಿದ್ದರೆ ಮಾತ್ರ ಆ ದಿನಗಳು ಕೂಡಿಕೊಳ್ಳುತ್ತವೆ.

"ಹೌದೋ ಇಲ್ಲವೋ ಯಾರು ತೀರ್ಮಾನಿಸುವುದು ಸಾರ್?" ಅಶ್ರಫ್ ಮಲಯಾಳದಲ್ಲಿ ಕೇಳಿದ.

"ಸರ್ಕ್ಯುಲರ್. ಓದ್ತೇನೆ, ಬರ್ಕೊ." ನಿತ್ಯಾನಂದ ಹಳೆಯ ಸುತ್ತೋಲೆ ತೆಗೆದು ಗಟ್ಟಿಯಾಗಿ ಓದತೊಡಗಿದ. ಮೂರನೇ ಸಾಲಿನಲ್ಲಿ, ಸ್ವಂತ ಊರಿನಿಂದ ಮುನ್ನೂರು ಕಿಲೋಮೀಟರಿಗಿಂತ ಹೆಚ್ಚು ದೂರದ ಸೇವೆ ಎಂಬಲ್ಲಿಗೆ ಬಂದಾಗ ಅವನ ದನಿ ತಾನಾಗಿ ಸಣ್ಣದಾಯಿತು. ಅಶ್ರಫ್ ಬರೆದುಕೊಂಡು, ಅಡಿಗೆರೆ ಹಾಕಿ, ಮುಂದಿನದಕ್ಕೆ ಕಾದು ಕೂತ. ನಿತ್ಯಾನಂದ ಮುಂದೆ ಓದಲಿಲ್ಲ. ಉಳಿದದ್ದು ಆಮೇಲೆ, ಈಗ ಚಾ ಕುಡಿದು ಬಾ ಎಂದು ಅವನನ್ನು ಕಳಿಸಿಬಿಟ್ಟ.

ಸುತ್ತೋಲೆಯಲ್ಲಿ ರಾಜ್ಯದ ಮಾತೇ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಸಂಜೆಯೊಳಗೆ ಪಟ್ಟಿ ಕಳಿಸಬೇಕೆಂದು ಮೇಲಿನವರು ತಲೆ ಮೇಲೆ ಕೂತಿದ್ದಾಗ, ನಾನೂರು ಜನರ ಊರಿನ ದೂರ ಅಳೆಯುವವರು ಯಾರು ಎಂದು ಅವನು ಒಂದು ಅಡ್ಡದಾರಿ ಹಿಡಿದಿದ್ದ: ಊರಿನ ರಾಜ್ಯ ಬೇರೆ, ಕೆಲಸದ ರಾಜ್ಯ ಬೇರೆ ಎಂದಾದರೆ ದೂರ, ಎರಡೂ ಒಂದೇ ಆದರೆ ಹತ್ತಿರ. ಮೂಡುಬಿದಿರೆಯಿಂದ ಬಂದವನಿಗೆ ಊರು ಅಂದರೆ ಗಡಿಯಾಚೆ, ಅಷ್ಟೇ ತಲೆಯಲ್ಲಿದ್ದದ್ದು. ಗಡಿಯ ಈಚೆಯೂ ಕನ್ನಡದವರ ಊರಿದೆ, ಆ ಊರಿನಿಂದ ರಾಜ್ಯದ ಇನ್ನೊಂದು ತುದಿಗೆ ಹೋಗಲು ರಾತ್ರಿಯಿಡೀ ಟ್ರೈನಿನಲ್ಲಿ ಕೂರಬೇಕು ಎಂಬುದು ಪ್ರತಿ ವರ್ಷ ಕನ್ನಡ ಸಂಘದ ಊಟಕ್ಕೆ ಸರೋಜಳ ಪಕ್ಕದಲ್ಲೇ ಕೂರುತ್ತಿದ್ದ ಮನುಷ್ಯನಿಗೆ ಹೊಳೆಯಲಿಲ್ಲ. ನಾಚಿಕೆಯಾಗಬೇಕು.

ಹಾಳೆಯ ಒಂದು ಪ್ರತಿ ಮಾಡಿಕೊಂಡು, 'ಹೌದು-ಇಲ್ಲ' ಎಂಬ ಕಾಲಂ ಅಳಿಸಿ, ಸಂಜೆಯವರೆಗೆ ಕೂತು ಪ್ರತಿಯೊಬ್ಬರ ಊರಿನ ಕಿಲೋಮೀಟರ್ ತುಂಬಿಸಿ, ಮುನ್ನೂರಕ್ಕಿಂತ ಹೆಚ್ಚಿದ್ದರೆ ಕೂಡಿಸು ಎಂದು ಷರತ್ತು ಬದಲಿಸಿದ. ನಾನೂರು ಜನರಲ್ಲಿ ಮೂವರ ಮೊತ್ತ ಬದಲಾಯಿತು. ಅದರಲ್ಲಿ ಇಬ್ಬರು ವರ್ಗಾವಣೆ ಕೇಳಿಯೇ ಇರಲಿಲ್ಲ. ಮೂರನೆಯವಳು ಸರೋಜ. ಮೂರು ಸಾವಿರದ ಒಂಬೈನೂರ ಇಪ್ಪತ್ತು ದಿನ. ಅವನಿಗಿಂತ ಎಷ್ಟೋ ಮುಂದೆ.

ನಿತ್ಯಾನಂದ ಪ್ರತಿಯನ್ನು ಉಳಿಸದೆ ಮುಚ್ಚಿದ.

ಮನೆಯಲ್ಲಿ ಆಗಲೇ ರಟ್ಟಿನ ಪೆಟ್ಟಿಗೆಗಳು ಬಂದಿದ್ದವು. ಅವನಿಗೆ ಕೊಚ್ಚಿಗೆ ವರ್ಗವಾದಾಗ ಹೆಂಡತಿ ನಿರ್ಮಲ ಊರಿನ ಕಾಲೇಜಿನಲ್ಲಿದ್ದ ಪಾಠದ ಕೆಲಸ ಬಿಟ್ಟು ಬಂದಿದ್ದಳು. ಈಗ ಅದೇ ಕಾಲೇಜಿನವರು ಜೂನಿನಿಂದ ಬನ್ನಿ ಎಂದಿದ್ದಾರೆ. ಅವಳು ಹಳೆಯ ನೋಟ್ಸುಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಹಾಡು ಗುನುಗುತ್ತಿದ್ದಳು. ಅವಳು ಹಾಡಿದ್ದನ್ನು ಕೇಳಿ ಏಳು ವರ್ಷವಾಗಿತ್ತು.

"ಎಂತ, ಸಾರು ಸಪ್ಪೆ ಆಯ್ತಾ?" ಊಟಕ್ಕೆ ಕೂತಾಗ ಕೇಳಿದಳು.

"ಇಲ್ಲ, ಸರಿ ಉಂಟು."

ಅವನು ಹೇಳಲಿಲ್ಲ. ನಾಳೆ ಹೇಳುವ ಎಂದುಕೊಂಡ. ನಾಳೆ ಎಂಬುದು ಅವನಂಥವರಿಗಾಗಿಯೇ ಮಾಡಿಟ್ಟದ್ದು. ಆರು ದಿನ ಹೀಗೇ ಕಳೆಯಿತು. ಆಕ್ಷೇಪಣೆ ಯಾರೂ ಹಾಕಲಿಲ್ಲ, ಹಾಕಬೇಕಾದವಳು ಇವನ ಲೆಕ್ಕವನ್ನೇ ನಂಬಿದ್ದಾಳೆ, ಸುಮ್ಮನಿದ್ದರೆ ಕೆಲಸ ಮುಗಿದಂತೆ. ಈ ಆರು ದಿನ ಅವನು ಹಳೆಯ ಸುತ್ತೋಲೆಗಳನ್ನೆಲ್ಲ ಜಾಲಾಡಿ, ರಾಜ್ಯವನ್ನೇ ನೋಡಬೇಕು ಎಂಬ ಒಂದು ಸಾಲು ಎಲ್ಲಾದರೂ ಸಿಕ್ಕೀತೇ ಎಂದು ಹುಡುಕಿದ. ಬೇರೆಯವರ ತಪ್ಪು ತಿದ್ದಿ ಹೆಸರು ಮಾಡಿದವನು ತನ್ನ ತಪ್ಪಿಗೆ ನಿಯಮ ಹುಡುಕುತ್ತಿದ್ದ. ಒಂದೂ ಸಿಗಲಿಲ್ಲ.

ಒಂಬತ್ತನೇ ದಿನ ಸೇವಾ ಪುಸ್ತಕಗಳನ್ನು ಒಪ್ಪಿಸಲು ಅವನು ತಿರುವನಂತಪುರಕ್ಕೆ ಹೋಗಬೇಕಿತ್ತು. ಕೊಚ್ಚಿಯ ವೈಟ್ಟಿಲ ನಿಲ್ದಾಣದಿಂದ ಬೆಳಗಿನ ಬಸ್ಸು ಹಿಡಿದ. ಅಲ್ಲಿ ಪಟ್ಟಂನ ಕಚೇರಿ ತಲುಪುವಾಗ ಊಟದ ಹೊತ್ತು. ಅವನು ಬರುತ್ತಾನೆಂದು ಸರೋಜ ಎರಡು ಡಬ್ಬಿ ತಂದಿದ್ದಳು. ಹಾಸ್ಟೆಲಿನ ಅಡುಗೆಮನೆಯಲ್ಲಿ ಬೆಳಗ್ಗೆ ಐದಕ್ಕೇ ಎದ್ದು ಮಾಡಿದ ಸೌತೆಕಾಯಿ ಹುಳಿ.

"ನಿತ್ಯಣ್ಣ, ನಂದೊಂದು ಕೆಲಸ ಉಂಟು. ನೀವು ಹೇಗೂ ಮಂಗಳೂರಲ್ಲಿ ಇರ್ತೀರಿ. ಕೃಪಾನ ಶಾಲೆಯಲ್ಲಿ ಮೀಟಿಂಗ್ ಇದ್ದ ದಿನ ಒಮ್ಮೆ ಹೋಗ್ಲಿಕ್ಕೆ ಆಗ್ತದಾ? ಇವರಿಗೆ ಅದೇ ದಿನ ಅವರ ಶಾಲೆಯಲ್ಲೂ ಮೀಟಿಂಗ್. ಕಳೆದ ಸಲ ಅವಳ ಕಡೆಯಿಂದ ಯಾರೂ ಇರ್ಲಿಲ್ಲ."

ನಿತ್ಯಾನಂದ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಇಟ್ಟ.

"ನೀವೇ ಹೋಗಿ ಸರೋಜ. ಆ ಜಾಗ ನಂದಲ್ಲ, ನಿಮ್ದು. ಲೆಕ್ಕ ತಪ್ಪಿದ್ದು ನಾನು." ಕಿಲೋಮೀಟರಿನ ವಿಷಯ, ರಾಜ್ಯದ ವಿಷಯ, ಎಲ್ಲ ಹೇಳಿದ. ಯಾವಾಗ ಗೊತ್ತಾಯಿತು ಎಂಬಲ್ಲಿ ಮಾತ್ರ ನಾಲಿಗೆ ಜಾರಿತು. "ನಿನ್ನೆ ನೋಡುವಾಗ ಕಂಡಿತು" ಎಂದ.

ಸರೋಜ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾನೂ ಓದಿದ್ದೆ ಆ ಸರ್ಕ್ಯುಲರ್. ಮುನ್ನೂರು ಕಿಲೋಮೀಟರ್ ಅಂತ ನಂಗೆ ಕಂಡಿತ್ತು. ಆದ್ರೆ ಲೆಕ್ಕ ಮಾಡಿದ್ದು ನೀವು ಅಲ್ವಾ. ನಂಗೇ ಸರಿಯಾಗಿ ಅರ್ಥ ಆಗ್ಲಿಲ್ಲ ಅಂತ ಸುಮ್ಮನಾದೆ. ಎರಡು ವರ್ಷ ಹಿಂದೆಯೂ ಹಾಗೇ ಸುಮ್ಮನಾದದ್ದು." ಅವಳು ಅಳುತ್ತಲೇ ನಗುತ್ತಿದ್ದಳು. "ನಿಮ್ಮ ಹಾಗೆ ಯಾರು ಕೈಗೆ ಬಂದದ್ದನ್ನು ಬಿಡ್ತಾರೆ ನಿತ್ಯಣ್ಣ!"

ಎರಡು ವರ್ಷ ಹಿಂದೆ. ಆ ಮಾತು ನಿತ್ಯಾನಂದನ ಕಿವಿಯಲ್ಲೇ ಉಳಿಯಿತು. ಆ ವರ್ಷವೂ ಹಾಳೆ ಅದೇ, ಕಾಲಂ ಅದೇ.

ಮರುದಿನ ಬೆಳಗ್ಗೆ ತನ್ನದೇ ಹೆಸರಿನ ವಿರುದ್ಧ ತಾನೇ ಆಕ್ಷೇಪಣೆ ಬರೆದು ಕೊಟ್ಟ. ಮೇಲಧಿಕಾರಿ ಕೃಷ್ಣಮೂರ್ತಿಯವರು ಎದ್ದು ನಿಂತು ಕೈಕುಲುಕಿದರು. ಸಂಜೆ ಮನೆಯಲ್ಲಿ ನಿರ್ಮಲ ಕೂಗಾಡಲಿಲ್ಲ. ಎಲ್ಲ ಕೇಳಿ, "ಪುಣ್ಯದ ಕೆಲಸ ಮಾಡಿದ್ರಿ. ನನ್ನ ಹತ್ರ ಒಂದು ಮಾತು ಮೊದಲು ಹೇಳ್ಬಹುದಿತ್ತು" ಎಂದಷ್ಟೇ ಹೇಳಿ, ನೋಟ್ಸುಗಳನ್ನು ಒಂದೊಂದಾಗಿ ಮಂಚದ ಕೆಳಗಿನ ಪೆಟ್ಟಿಗೆಗೆ ತುಂಬಿದಳು. ಖುಷಿಪಟ್ಟವನು ಮಗ ಸುಧನ್ವ ಒಬ್ಬನೇ. "ಎನಿಕ್ಕ್ ಇವಿಡೆ ಮತಿ" ಎಂದು, ಇಲ್ಲೇ ತನಗೆ ಸಾಕೆಂದು ಮಲಯಾಳದಲ್ಲಿ ಘೋಷಿಸಿ ಆಡಲು ಓಡಿದ.

ಹಳೆಯ ಹಾಳೆ ತೆರೆಯಲು ನಿತ್ಯಾನಂದನಿಗೆ ಒಂದು ವಾರ ಬೇಕಾಯಿತು. ತೆರೆದು, ಅದರಲ್ಲೂ ಷರತ್ತು ಬದಲಿಸಿದ. ಎರಡು ವರ್ಷದ ಹಿಂದೆ ಮಂಗಳೂರಿಗೆ ಹೋದವನು ಧರಣೇಂದ್ರ ಎಂಬವನು. ಹೋಗಬೇಕಾಗಿದ್ದವಳು ಸರೋಜ. ಕಚೇರಿಯಲ್ಲಿ ಈಗ ಎಲ್ಲರೂ ಅವನನ್ನು ಹೊಗಳುತ್ತಿದ್ದರು. ಅಶ್ರಫ್ ಅಂತೂ ಬಂದವರಿಗೆಲ್ಲ, ಇವರೇ ಆ ಸಾರ್ ಎಂದು ತೋರಿಸುತ್ತಿದ್ದ. ಪ್ರತಿ ಹೊಗಳಿಕೆಗೂ ನಿತ್ಯಾನಂದ ತಲೆ ತಗ್ಗಿಸುತ್ತಿದ್ದ, ಜನ ಅದನ್ನು ವಿನಯ ಎಂದುಕೊಳ್ಳುತ್ತಿದ್ದರು. ಹೇಳದಿದ್ದರೆ ಯಾರಿಗೂ ಗೊತ್ತಾಗುವಂಥದ್ದಲ್ಲ. ಹೇಳಿದರೂ ಕಳೆದ ದಿನ ಮರಳಿ ಬರುವಂಥದ್ದಲ್ಲ.

ಮೇ ತಿಂಗಳಲ್ಲಿ ಸರೋಜ ಹೊರಟಳು. ಮಂಗಳೂರಿನ ಹಗಲು ಟ್ರೈನು ಕೊಚ್ಚಿಯ ಎರ್ನಾಕುಳಂ ನಾರ್ತ್ ಸ್ಟೇಷನ್ನಿನಲ್ಲಿ ಐದು ನಿಮಿಷ ನಿಲ್ಲುತ್ತದೆ, ಒಮ್ಮೆ ಬಂದು ಹೋಗಿ ಅಣ್ಣ ಎಂದು ಫೋನು ಮಾಡಿದ್ದಳು. ಅವನು ಹೋದ. ಅವಳು ಬಾಗಿಲಲ್ಲೇ ನಿಂತಿದ್ದಳು. ಅವನು ಕಂಡದ್ದೇ ಕೆಳಗಿಳಿದು ಕೈಗೆ ಒಂದು ಪೊಟ್ಟಣ ಇಟ್ಟಳು. ತಿರುವನಂತಪುರದ ಬೋಳಿ, ನಮ್ಮ ಹೋಳಿಗೆಯ ದಾಯಾದಿ.

"ನಿರ್ಮಲಕ್ಕನಿಗೆ ಕೊಡಿ. ನಿಮ್ಮ ಋಣ ತೀರಿಸ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ಕೃಪಾನ ಹತ್ರ ಹೇಳಿದ್ದೇನೆ, ಅಮ್ಮನನ್ನು ಕಳಿಸಿಕೊಟ್ಟದ್ದು ನಿತ್ಯಮಾಮ ಅಂತ."

"ಹಾಗೆ ಹೇಳ್ಬೇಡಿ" ಎಂದ ನಿತ್ಯಾನಂದ. ಪೊಟ್ಟಣದ ಕಾಗದಕ್ಕೆ ತುಪ್ಪ ಇಳಿದಿತ್ತು. "ನಾನು ನಿಮ್ಮ ಹತ್ರ ಸುಳ್ಳು ಹೇಳಿದೆ. ನಿನ್ನೆ ಗೊತ್ತಾದದ್ದು ಅಂದೆ ಅಲ್ವಾ, ಗೊತ್ತಾಗಿ ಆರು ದಿನ ಆಗಿತ್ತು. ಸುಮ್ಮನಿರುವ ಅಂತಲೇ ಇದ್ದೆ."

"ಕೊನೆಗೆ ಹೇಳಿದ್ರಲ್ಲ, ಅಷ್ಟು ಸಾಕು" ಸರೋಜ ನಕ್ಕಳು.

"ಅಷ್ಟೇ ಅಲ್ಲ. ಎರಡು ವರ್ಷ ಹಿಂದಿನದ್ದೂ ನೋಡಿದೆ. ಆಗಲೂ ನಿಮ್ಮ ಹೆಸರೇ ಮೇಲೆ ಬರ್ಬೇಕಿತ್ತು. ಆಗಲೂ ತಪ್ಪಿದ್ದು ನನ್ನ ಹಾಳೆಯೇ."

ನಗು ಅವಳ ಮುಖದಲ್ಲಿ ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಹೋಯಿತು. ಗಾರ್ಡ್ ಸೀಟಿ ಊದಿದ. ಸರೋಜ ಮೆಟ್ಟಿಲು ಹತ್ತಿ ಕಂಬಿ ಹಿಡಿದು ತಿರುಗಿದಳು.

"ಅಲ್ಲಿವರೆಗೆ ಕೃಪಾ ನನ್ನ ಜೊತೆಗೇ ಇದ್ಳು ನಿತ್ಯಣ್ಣ. ಲಿಸ್ಟಲ್ಲಿ ಹೆಸರಿಲ್ಲ ಅಂತ ಗೊತ್ತಾದ ವಾರವೇ ನಾನು ಅವಳನ್ನು ಊರಲ್ಲಿ ಬಿಟ್ಟು ಬಂದದ್ದು. ಅವಳು ಮಲಗಿದ್ದಾಗ, ಎಬ್ಬಿಸದೆ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಅದನ್ನು ಹಿಡಿದುಕೊಂಡು ನಿಲ್ಲುತ್ತಿದ್ದ. ಟ್ರೈನು ಹೊರಟಿತು. ಅವಳು ಕೈ ಬೀಸಲಿಲ್ಲ, ಒಳಗೂ ಹೋಗಲಿಲ್ಲ, ತಿರುವು ಬರುವ ತನಕ ಬಾಗಿಲಲ್ಲೇ ನಿಂತಿದ್ದಳು.

ನಿತ್ಯಾನಂದ ಬೋಳಿಯ ಪೊಟ್ಟಣ ಹಿಡಿದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತ. ಫೋನು ಬಡಿದುಕೊಂಡಿತು. ಅಶ್ರಫ್. ಯಾರದೋ ಹಾಳೆಯಲ್ಲಿ ಕೂಡಿಸಿದ್ದು ಸೊನ್ನೆ ಬರುತ್ತಿದೆಯಂತೆ, ಸಾರ್ ಬೇಗ ಬರಬೇಕಂತೆ. ಬರ್ತೇನೆ ಎಂದ. ಎಂದವನು ಇನ್ನೂ ಎರಡು ಟ್ರೈನು ಹೋಗುವವರೆಗೆ ಅಲ್ಲೇ ಕೂತಿದ್ದ.