ಹಿಪ್ಪುನೇರಳೆ ಓಣಿಯ ಸನ್ನೆ

ಇಳಿಹೊತ್ತಿನ ನಮಾಜಿನ ಕೂಗು ಮುಗಿಯುವಷ್ಟರಲ್ಲಿ ತಫೀದಾ ಕೈರೋದ ಹೆದ್ದಾರಿ ಬದಿಗೆ ಬಂದು ನಿಂತುಬಿಡುತ್ತಿದ್ದಳು. ಮಿನಿಬಸ್ಸು ಕಂಡರೆ ಸಾಕು, ಬಲಗೈ ಎತ್ತಿ, ಗಾಳಿಯಿಂದ ಹಣ್ಣೊಂದನ್ನು ಚಿವುಟಿ ತುಟಿಗೆ ಮುಟ್ಟಿಸುತ್ತಿದ್ದಳು. ಪಿರಮಿಡ್ಡಿನ ಕಡೆ ಹೋಗುವವರು ಬಸ್ಸು ನಿಲ್ಲಿಸಲು ಎರಡೂ ಕೈ ಜೋಡಿಸಿ ಗೋಪುರ ಮಾಡುತ್ತಾರಲ್ಲ, ಹಾಗೆ ಇದು ಹಿಪ್ಪುನೇರಳೆ ಓಣಿಗೆ ಹೋಗುವವರ ಸನ್ನೆ. ಓಣಿಯನ್ನು ಕೆಡವಿ, ಮರ ಕಡಿದು, ಮೇಲೊಂದು ಸೇತುವೆ ಹಾಯಿಸಿ ನಾಲ್ಕು ವರ್ಷವಾಗಿತ್ತು. ಸನ್ನೆ ಮಾತ್ರ ಅವಳ ಬೆರಳಲ್ಲಿ ಉಳಿದಿತ್ತು.

ಮಗಳು ಇನ್ಸಾಫ್ ದಿನವೂ ಹಿಂದೆ ಬಂದು ನಿಲ್ಲುತ್ತಿದ್ದಳು. ಒಮ್ಮೆ, ಒಂದೇ ಒಮ್ಮೆ, ನಿಜ ಹೇಳಿದ್ದಳು: ಮನೆ ಇಲ್ಲಮ್ಮ, ಅಪ್ಪನೂ ಹೋಗಿಬಿಟ್ಟರು. ತಾಯಿ ಅಂದೇ ಗಂಡ ಸತ್ತವಳಂತೆ ಎದೆ ಬಡಿದುಕೊಂಡು ಮೂರು ದಿನ ರೊಟ್ಟಿ ಮುಟ್ಟಲಿಲ್ಲ. ನಾಲ್ಕನೆಯ ದಿನ ಎಲ್ಲ ಮರೆತು ಮತ್ತೆ ರಸ್ತೆಗೆ ಬಂದಳು. ಅವಳನ್ನು ಇನ್ನೊಮ್ಮೆ ವಿಧವೆ ಮಾಡುವ ಧೈರ್ಯ ಇನ್ಸಾಫಳಿಗಿರಲಿಲ್ಲ.

"ಏನ್ ತಫೀದಕ್ಕ, ಇವತ್ತೂ ಗಾಳೀನೇ ತಿಂತಿದೀಯಾ?" ಚಹಾ ಮಾರುವ ಬಯ್ಯೂಮಿ ಕೂಗಿದ. "ನನ್ ಚಹಾ ಕುಡಿ, ಅದ್ರಲ್ಲಿ ಸಕ್ಕರೆಯಾದ್ರೂ ಇದೆ."

"ನಿನ್ ಚಹಾಕ್ಕಿಂತ ಪಾತ್ರೆ ತೊಳೆದ ನೀರೇ ವಾಸಿ, ಹೋಗೋ! ನಮ್ಮನೆಯೋರು ಹಸ್ಕೊಂಡು ಬಂದಿರ್ತಾರೆ. ಸೊಪ್ಪು ಇನ್ನೂ ಹೆಚ್ಚಿಲ್ಲ ನಾನು."

ಎಳೆಯ ಚಾಲಕರಿಗೆ ಆ ಸನ್ನೆ ಗೊತ್ತಿರಲಿಲ್ಲ. ಒಂದರ ಹಿಂದೊಂದು ಬಸ್ಸು ಧೂಳೆಬ್ಬಿಸಿ ಹೋದವು. ಆಮೇಲೆ ಹಳೆಯದೊಂದು ಬಿಳಿ ಬಸ್ಸು ಬಂತು, ಬಂದದ್ದು ನಿಧಾನವಾಯಿತು.

ಇನ್ಸಾಫ್ ಬಸ್ಸಿನೊಳಗೆ ಇಣುಕಿದಳು. ಸ್ಟೀರಿಂಗ್ ಹಿಡಿದವನು ಮಿತ್ವಲ್ಲಿ ಎಂಬ ಹಳೆಯ ಚಾಲಕ. ಇಪ್ಪತ್ತು ವರ್ಷ ಓಣಿಗೆ ಬಸ್ಸು ಓಡಿಸಿದವನು, ಅಪ್ಪನ ಹೆಣಕ್ಕೆ ಹೆಗಲು ಕೊಟ್ಟವನು. ಇವನೀಗ ಬಾಯಿ ತೆರೆದರೆ ಮುಗಿಯಿತು. 'ಹತ್ತಮ್ಮ' ಎಂದು ಕರೆದೊಯ್ದರೂ ಮುಗಿಯಿತು, ಅಲ್ಲಿರುವುದು ಸೇತುವೆಯ ಕಂಬಗಳು. ತಾಯಿಯ ಬೆನ್ನ ಹಿಂದೆ ಅವಳು ಐದೂ ಬೆರಳ ತುದಿ ಕೂಡಿಸಿ ಎದೆಯ ಹತ್ತಿರ ಹಿಡಿದಳು: ತಾಳು, ದಮ್ಮಯ್ಯ. ಬೇಡವೆಂದು ತಲೆ ಅಲ್ಲಾಡಿಸಿದಳು.

ಮಿತ್ವಲ್ಲಿ ತಾಯಿಯ ಕೈ ನೋಡಿದ. ಮಗಳ ಕೈ ನೋಡಿದ. ಅವನ ಹಿಂದೆ ಹತ್ತು ಸೀಟು ಖಾಲಿ ಬಿದ್ದಿದ್ದವು. ಕಿಟಕಿಯಾಚೆ ಕೈ ಚಾಚಿ, ಅಂಗೈಯನ್ನು ಕತ್ತಿನ ಮಟ್ಟಕ್ಕೆ ಅಡ್ಡ ಹಿಡಿದ: ತುಂಬಿದೆ. ಮತ್ತೆ ಮುಖ ತಿರುಗಿಸಿ ಬಸ್ಸು ಓಡಿಸಿಬಿಟ್ಟ.

ಮುದುಕಿಯ ಪೊರೆ ಬಂದ ಕಣ್ಣಿಗೆ ಅವನ ಕೈ ಕಂಡಿತ್ತು, ಖಾಲಿ ಸೀಟು ಕಂಡಿರಲಿಲ್ಲ.

"ನೋಡಿದ್ಯೇನೇ?" ತಫೀದಾಳ ಮುಖ ಮದುವಣಗಿತ್ತಿಯ ಹಾಗೆ ಅರಳಿತು. "ನಮ್ ಓಣಿ ಬಸ್ಸು! ತುಂಬ್ಹೋಗಿದೆಯಂತೆ. ಎಲ್ರೂ ಅದ್ರಲ್ಲೇ ಮನೆಗೆ ಹೋಗ್ತಿದಾರೆ."

"ಹೂಂನಮ್ಮಾ."

ಮುದುಕಿ ಬಸ್ಸು ಹೋದ ದಿಕ್ಕಿಗೆ ತಿರುಗಿ, ತಾನೂ ಬೆರಳುಗಳನ್ನು ಕೂಡಿಸಿ ಮೆಲ್ಲಗೆ ಕೆಳಗಿಳಿಸಿದಳು.

"ಯಾರಿಗಮ್ಮಾ ಅದು?"

"ಇನ್ಯಾರಿಗೆ, ನಿಮ್ಮಪ್ಪಂಗೆ. ಸ್ವಲ್ಪ ತಾಳಿ, ನಾಳೆ ಬಂದ್ಬಿಡ್ತೀನಿ ಅಂದೆ."

ಇನ್ಸಾಫಳ ಬೆರಳುಗಳು ಎದೆಯ ಹತ್ತಿರ ಇನ್ನೂ ಮುದುಡಿಕೊಂಡೇ ಇದ್ದವು. ಬಿಚ್ಚಲು ಬರಲಿಲ್ಲ.